ಒಂಬತ್ತರ ಬೂಟು

ಮನುಷ್ಯ ಇನ್ನೊಬ್ಬನ ಮನೆ ನೋಡಿ ಹೊಟ್ಟೆಕಿಚ್ಚು ಪಡಬಹುದು, ಸಂಬಳ ನೋಡಿ ಪಡಬಹುದು, ತಲೆಗೂದಲು ನೋಡಿಯೂ ಪಡಬಹುದು. ನಾನು ಪಟ್ಟದ್ದು ನನ್ನ ಭಾವಮೈದುನನ ಪಾದ ನೋಡಿ. ನಗುವವರು ನಗಲಿ. ನಮ್ಮ ಕಸುಬು ಗೊತ್ತಿದ್ದವರು ನಗುವುದಿಲ್ಲ.

ಬೆಟ್ಟ ಹತ್ತುವವರಿಗೆ ಬೇಕಾದ ಬೂಟು, ಟೆಂಟು, ಬೆನ್ನುಚೀಲ, ಹಗ್ಗ ಇಂಥವನ್ನು ತಯಾರಿಸುವ ಕಂಪನಿ ನಮ್ಮದು. ಅವನ್ನು ಅಂಗಡಿಯಿಂದ ಅಂಗಡಿಗೆ ಹೊತ್ತು ತಿರುಗಿ, ತೋರಿಸಿ, ಆರ್ಡರು ತರುವುದು ನನ್ನ ಕೆಲಸ. ಹೊಸ ಬೂಟು ಮಾರಾಟಕ್ಕೆ ಬರುವ ಮುಂಚೆ ಕಂಪನಿ ಒಂದು ಜೋಡಿ ಸ್ಯಾಂಪಲ್ ಕಳಿಸುತ್ತದೆ. ಗಂಡಸರ ಸ್ಯಾಂಪಲ್ ಯಾವಾಗಲೂ ಒಂದೇ ಅಳತೆ, ಒಂಬತ್ತು. ಯಾರು ಮಾಡಿದ ಕಾನೂನೋ ಗೊತ್ತಿಲ್ಲ. ಪಾದ ಒಂಬತ್ತಿರುವ ಪುಣ್ಯವಂತ ಅದನ್ನು ಕಾಲಿಗೇ ಹಾಕಿಕೊಂಡು ಅಂಗಡಿಗೆ ನುಗ್ಗುತ್ತಾನೆ. ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ನಡೆದರೆ ಅರ್ಧ ಮಾರಾಟ ಆದಂತೆಯೇ. ಉಳಿದವರು ಡಬ್ಬಿ ಬಿಚ್ಚಿ ಮೇಜಿನ ಮೇಲಿಟ್ಟು ಬಾಯಿ ನೋಯಿಸಿಕೊಳ್ಳಬೇಕು.

ನಾನು ಆಳು ಗಿಡ್ಡ, ಪಾದ ಹತ್ತು. ನನ್ನ ಭಾವಮೈದುನ ಆರಡಿ ಉದ್ದ, ಪಾದ ಒಂಬತ್ತು. ದೇವರು ಲೆಕ್ಕ ತಪ್ಪಿದ್ದು ಅಲ್ಲೇ.

ಈ ಕೆಲಸದ ಜಾಹೀರಾತು ಮೊದಲು ಬಿದ್ದದ್ದು ನನ್ನ ಕಣ್ಣಿಗೆ. ಆಗ ನಾನು ಒಂದು ಟೈಲ್ಸ್ ಅಂಗಡಿಯಲ್ಲಿ ನಿಂತು, ಬಚ್ಚಲುಮನೆಯ ನೆಲಕ್ಕೆ ಯಾವ ಬಣ್ಣ ಒಪ್ಪುತ್ತದೆಂದು ಗಿರಾಕಿಗಳಿಗೆ ಹೇಳಿಕೊಂಡಿದ್ದೆ. ವಾರವೆಲ್ಲ ಟೈಲ್ಸು, ಭಾನುವಾರ ಬೆಟ್ಟ. ಹೈಸ್ಕೂಲಿನಲ್ಲಿ ಹಿಡಿದ ಹುಚ್ಚು, ಮದುವೆಯಾದರೂ ಬಿಟ್ಟಿರಲಿಲ್ಲ. ಜಾಹೀರಾತು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದರೆ ಸೋಫಾದ ಮೇಲೆ ಭಾವಮೈದುನ ಮಲಗಿದ್ದ. ಹಿಂದಿನ ಕೆಲಸ ಬಿಟ್ಟು "ನಾಲ್ಕು ದಿನ ಇದ್ದು ಹೋಗ್ತೀನಿ" ಎಂದು ಬಂದವನು. ಆ ನಾಲ್ಕು ದಿನ ಮುಗಿಯುವ ಲಕ್ಷಣವೇ ಇರಲಿಲ್ಲ. ನಮ್ಮ ಮನೆಯಲ್ಲಿ ಅವನನ್ನು ಕರೆಯುವುದು ಕೂಸು ಎಂದು. ನನ್ನ ಹೆಂಡತಿ ಅವನನ್ನು ಎತ್ತಿ ಆಡಿಸಿದ ಅಕ್ಕ. ಬಾಗಿಲ ಚೌಕಟ್ಟಿಗೆ ತಲೆ ತಗುಲುವಷ್ಟು ಬೆಳೆದರೂ ಅವಳ ಪಾಲಿಗೆ ಅವನು ಕೂಸೇ.

"ಕೂಸನ್ನೂ ಕರ್ಕೊಂಡು ಹೋಗ್ರೀ," ಎಂದಳು, ನಾನು ಸಂದರ್ಶನಕ್ಕೆ ಹೊರಟಾಗ. "ಮನೇಲಿ ಕೂತು ಕೂತು ಮಂಕಾಗಿದಾನೆ. ಸುಮ್ನೆ ನಿಮ್ಮ ಜೊತೆಗಿರ್ತಾನೆ."

ಸುಮ್ಮನೆ ಜೊತೆಗೆ ಬಂದವನು ಸುಮ್ಮನೆ ಅರ್ಜಿ ಕೊಟ್ಟ, ಸುಮ್ಮನೆ ಒಳಗೆ ಹೋದ, ಸುಮ್ಮನೆ ಕೆಲಸ ಹಿಡಿದುಕೊಂಡು ಹೊರಗೆ ಬಂದ. ಸ್ವಲ್ಪ ಹೊತ್ತಿಗೆ ಮುಂಚೆ ಪ್ರಶ್ನೆ ಕೇಳಿ ನನಗೆ ಬೆವರಿಳಿಸಿದ್ದ ಮ್ಯಾನೇಜರ್ ಮೇಡಂ ಅವನ ಜೊತೆ ನಗುತ್ತಿದ್ದದ್ದು ಬಾಗಿಲಾಚೆ ಕೂತ ನನಗೂ ಕೇಳಿಸಿತು. ಏನು ಕೇಳಿದರು ಎಂದೆ.

"ಬೆಟ್ಟ ಹತ್ತಿದೀರಾ ಅಂದ್ರು ಭಾವ. ಎರಡನೇ ಮಹಡಿಗೂ ಲಿಫ್ಟ್ ಹುಡುಕ್ತೀನಿ ಅಂದೆ."

"ಅದಕ್ಕೆ ಕೆಲಸ ಕೊಟ್ರಾ?"

"ಅದಕ್ಕೇ ಇರಬೇಕು," ಎಂದು ಹಲ್ಲು ಕಿರಿದ.

ಕೆಲಸ ನನಗೂ ಸಿಕ್ಕಿತು. ಖಾಲಿ ಇದ್ದದ್ದು ಎರಡು ಏರಿಯಾ. ಒಂದು ಪೇಟೆಯ ಕಡೆಯದು. ಅಲ್ಲಿ ಶಾಲೆ, ಕ್ಲಬ್ಬು, ಮಾಲುಗಳಿಗೆ ಚೆಂಡು, ಬಲೆ, ಸೀಟಿ, ಮಡಚುವ ಕುರ್ಚಿ ಮಾರಬೇಕು. ಇನ್ನೊಂದು ಬೆಟ್ಟದ ಕಡೆಯದು. ಅಲ್ಲಿನ ಅಂಗಡಿಗಳಲ್ಲಿ ಬೂಟು, ಹಗ್ಗ, ಟೆಂಟಿಗೆ ಬಿಟ್ಟರೆ ಬೇರೆ ಮಾತಿಲ್ಲ, ಕಿಟಕಿ ತೆರೆದರೆ ಎದುರಿಗೇ ಬೆಟ್ಟ. ನನಗೆ ಅದು ಬೇಕಿತ್ತು ಎಂದರೆ ಸಾಲದು, ಅದೊಂದಕ್ಕಾಗಿಯೇ ಕೈಲಿದ್ದ ಕೆಲಸ ಬಿಟ್ಟಿದ್ದೆ. ತರಬೇತಿ ಶುರುವಾಗುವ ಮೊದಲೇ ಬೆಟ್ಟದ ನಕ್ಷೆ ತಂದು ಮಲಗುವ ಕೋಣೆಯ ಗೋಡೆಗೆ ಅಂಟಿಸಿ, ಅಂಗಡಿಗಳಿರುವ ಜಾಗಕ್ಕೆಲ್ಲ ಕೆಂಪು ಪಿನ್ನು ಚುಚ್ಚಿದೆ. ಹೆಂಡತಿ ಬಾಗಿಲಲ್ಲೇ ನಿಂತು ನೋಡಿ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ," ಎಂದಳು. ಗಾದೆಯಲ್ಲೂ ಅವನೇ ಬರಬೇಕಿತ್ತೆ?

ತರಬೇತಿ ಎಂದರೆ ಮೇಡಂ ಜೊತೆ ವ್ಯಾನಿನಲ್ಲಿ ಅಂಗಡಿ ಸುತ್ತುವುದು. ಅವರು ಒಂದು ಕಾಲದಲ್ಲಿ ಬಂಡೆ ಹತ್ತಿದವರು. ಮಾತು ಕಡಿಮೆ, ನೋಟ ಜಾಸ್ತಿ. ಅಂಗಡಿಯ ನಡುವೆಯೇ ಜಾಗ ಮಾಡಿಕೊಂಡು ಯಜಮಾನರ ಕಣ್ಣೆದುರು ಟೆಂಟು ಎಬ್ಬಿಸಿ ತೋರಿಸುವುದು ನಮ್ಮ ಕಂಪನಿಯ ಪದ್ಧತಿ. ಮೊದಲ ಅಂಗಡಿಯಲ್ಲಿ ನಾನು ಎಬ್ಬಿಸಿದೆ. ಅಡ್ಡಡ್ಡಲಾಗಿ ಎರಡು ಉದ್ದ ಕೋಲು, ಮುಂದಿನ ಸೂರಿಗೆ ಒಂದು ಗಿಡ್ಡ ಕೋಲು, ಮೇಲೊಂದು ಹೊದಿಕೆ, ಮುಗಿಯಿತು. ಯಜಮಾನ ಫೋನಿನಲ್ಲಿ ಮಾತು ಮುಗಿಸಿ ತಿರುಗುವಷ್ಟರಲ್ಲಿ ಟೆಂಟು ನಿಂತಿತ್ತು. ಆತ ನೋಡಿ "ಚೆನ್ನಾಗಿದೆ" ಎಂದು ಮತ್ತೆ ಫೋನು ಎತ್ತಿಕೊಂಡ.

ಎರಡನೆಯ ಅಂಗಡಿ ಕೂಸಿನ ಸರದಿ. ಟೆಂಟಿನ ಕೋಲು ತುಂಡುತುಂಡಾಗಿದ್ದು ಒಳಗೆ ಎಲಾಸ್ಟಿಕ್ ದಾರ ಇರುತ್ತದೆ, ಬಿಡಿಸುವಾಗ ಕೈ ಜಾರಿದರೆ ಚಿಮ್ಮುತ್ತದೆ. ಚಿಮ್ಮಿತು. ಗೋಡೆಯ ಮೇಲಿನ ಹೆಲ್ಮೆಟ್ಟುಗಳು ಒಂದರ ಹಿಂದೆ ಒಂದು ನೆಲಕ್ಕೆ ಬಿದ್ದವು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಕೂಸು ಹೆಲ್ಮೆಟ್ಟುಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಗಿಡ್ಡ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಎಲ್ಲಿಗೆ ಹೋಗುತ್ತೋ ಗೊತ್ತಾಗ್ತಿಲ್ಲ ಸಾರ್," ಎಂದ.

ಯಜಮಾನ ನಗುತ್ತ ಗಲ್ಲಾ ಬಿಟ್ಟು ಎದ್ದು ಬಂದ. "ಕೊಡಯ್ಯ ಇಲ್ಲಿ. ನೀನು ಆ ತುದಿ ಹಿಡ್ಕೋ."

ಇಬ್ಬರೂ ಸೇರಿ ಎಬ್ಬಿಸಿದರು. ಟೆಂಟು ಒಂದು ಕಡೆ ವಾಲಿಕೊಂಡೇ ನಿಂತಿತು. ಆದರೂ ಯಜಮಾನನಿಗೆ ತಾನೇ ಮನೆ ಕಟ್ಟಿದ ಖುಷಿ. ಒಳಗೆ ತೂರಿಕೊಂಡು, ಕಾಲು ಚಾಚಿ ಮಲಗಿ, ಅಲ್ಲಿಂದಲೇ ಆರ್ಡರು ಕೂಗಿ ಹೇಳಿದ.

ಕುಣಿಯಲಾರದವಳು ನೆಲ ಡೊಂಕು ಎಂದರೆ ಲೋಕ ನಗುತ್ತದೆ. ಇವನು ನನಗೆ ಕುಣಿಯಲು ಬರುವುದಿಲ್ಲ ಎಂದು ತಾನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದ. ಇದು ನಾಟಕ ಎಂದು ನನಗೆ ಖಾತ್ರಿಯಾಗಿತ್ತು. ಅಷ್ಟು ದೊಡ್ಡ ಗಂಡಸಿಗೆ ಒಂದು ಗಿಡ್ಡ ಕೋಲು ಎಲ್ಲಿಗೆಂದು ಗೊತ್ತಾಗುವುದಿಲ್ಲವೆ? ಸಂಜೆ ಊಟದ ಮೇಜಿನಲ್ಲಿ ಅವನು ಹೆಲ್ಮೆಟ್ಟುಗಳ ಕಥೆ ಹೇಳಿದಾಗ ನನ್ನ ಹೆಂಡತಿ ಕಣ್ಣೀರು ಬರುವಷ್ಟು ನಕ್ಕಳು. ನನ್ನ ಜೊತೆ ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಬಡಿಸುವ ಸೌಟು ಮೊದಲು ಅವನ ತಟ್ಟೆಗೆ ಹೋಯಿತು.

"ನಿಮ್ಮ ಟೆಂಟು ಹೇಗಾಯ್ತು ರೀ?" ಎಂದು ಆಮೇಲೆ ನೆನಪಾಗಿ ಕೇಳಿದಳು.

"ನಿಂತಿತು," ಎಂದೆ.

ಹೀಗೇ ನಡೆಯಿತು. ಅಂಗಡಿಗಳಲ್ಲಿ ಅವನಿಗೆ ಚಹಾ ಬರುತ್ತಿತ್ತು, ನನಗೆ "ಆಮೇಲೆ ನೋಡೋಣ" ಬರುತ್ತಿತ್ತು. ಹಗ್ಗದ ಗಂಟು, ಚೀಲದ ತೂಕ, ಬಟ್ಟೆಯ ನೇಯ್ಗೆ ಎಲ್ಲ ನನ್ನ ನಾಲಗೆಯ ತುದಿಯಲ್ಲಿದ್ದವು. ಅವನ ನಾಲಗೆಯ ತುದಿಯಲ್ಲಿ ಅಂಗಡಿಯವರ ಮಕ್ಕಳ ಪರೀಕ್ಷೆ, ಮಂಡಿನೋವು, ಹೊಸ ಸ್ಕೂಟರು ಇದ್ದವು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುತ್ತಾರೆ. ಇವನಿಗೆ ಹಲ್ಲೂ ಇತ್ತು, ಕಡಲೆಯೂ ಇತ್ತು, ಜೊತೆಗೆ ಒಂಬತ್ತರ ಪಾದವೂ ಇತ್ತು.

ಒಂದು ಬೆಳಿಗ್ಗೆ ಮೇಡಂ ಹೊಸ ಬೂಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ಶನಿವಾರ ಬೆಟ್ಟದ ಕಡೆ ಅಂಗಡಿಯವರನ್ನೆಲ್ಲ ಒಂದು ಸಣ್ಣ ಬೆಟ್ಟ ಹತ್ತಿಸ್ತೀವಿ. ಮುಂದೆ ನಿಂತು ಕರ್ಕೊಂಡು ಹೋಗೋಕೆ ಒಬ್ರು ಬೇಕು. ಆ ಏರಿಯಾ ಯಾರಿಗೆ ಅನ್ನೋದನ್ನ ಅದಾದ್ಮೇಲೆ ಹೇಳ್ತೀನಿ." ಬೂಟು ಹೊರಗೆ ತೆಗೆದು, "ಒಂಬತ್ತು ಯಾರದು?" ಎಂದರು.

ಕೂಸು ಬಾಯಿ ತೆರೆಯುವ ಮೊದಲೇ ನಾನು ತೆರೆದೆ. "ನಂದು ಒಂಬತ್ತೇ ಮೇಡಂ."

ಕೂಸು ನನ್ನ ಮುಖ ನೋಡಿದ. ದಿನಾ ನಮ್ಮ ಮನೆಯ ಬಾಗಿಲಲ್ಲಿ ತನ್ನ ಚಪ್ಪಲಿಯನ್ನು ನನ್ನ ಚಪ್ಪಲಿಯ ಪಕ್ಕ ಬಿಡುವವನು ಅವನು. ಮೇಡಂ ನನ್ನ ಪಾದ ನೋಡಿದರು, ಆಮೇಲೆ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

ಮನೆಗೆ ತಂದು ಹಾಕಿಕೊಂಡರೆ ಬೆರಳು ಒಳಗೆ ಹೋದವು, ಹಿಮ್ಮಡಿ ಹೊರಗೇ ನಿಂತಿತು. ತೆಳು ಕಾಲುಚೀಲ ಹಾಕಿದೆ, ಸೋಪು ಸವರಿದೆ, ಕೂತು ಎಳೆದೆ, ನಿಂತು ಒದ್ದೆ. ಕೊನೆಗೆ ಉಪಾಯ ಹೊಳೆಯಿತು. ಬೂಟಿನ ಒಳಗೆ ಪಾದದಡಿಗೆ ಹಾಸಿದ ಒಂದು ಮೆತ್ತೆ ಇರುತ್ತದೆ, ಕೈಯಿಂದ ಕಿತ್ತರೆ ಬರುತ್ತದೆ. ಅದನ್ನು ಎರಡೂ ಬೂಟಿನಿಂದ ಎಳೆದು ತೆಗೆದೆ. ಆಗ ಕಾಲು ತೂರಿತು. ಒಂದೇ ಒಂದು ತೊಡಕಿತ್ತು. ಆ ಬೂಟಿನ ಹೆಚ್ಚುಗಾರಿಕೆಯೇ ಆ ಮೆತ್ತೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದದ್ದು, ಶನಿವಾರ ನಾನು ಬಾಯಿ ತುಂಬ ಹೊಗಳಬೇಕಾದದ್ದು ಅದನ್ನೇ. ಆದರೆ ಬೆಟ್ಟದ ಮೇಲೆ ಬೂಟಿನೊಳಗೆ ಇಣುಕಿ ನೋಡುವವರು ಯಾರು?

ಹೆಂಡತಿ ಬಂದಳು. "ಏನ್ರೀ ಅದು ಕೈಲಿ?"

"ಮೆತ್ತೆ. ಗಾಳಿಗಿಡ್ತಿದೀನಿ."

"ಹೊಸ ಬೂಟಿಗೆ ಎಂಥಾ ಗಾಳಿ?" ಎಂದು ನನ್ನನ್ನೇ ನೋಡಿದಳು. "ಒಂದು ಮಾತು ಹೇಳ್ಲಾ? ಅವನು ನಿಮಗೆ ಎದುರಾಳಿ ಅಲ್ಲ. ಅವನಿಗೆ ನೀವು ಅಂದ್ರೆ ಪ್ರಾಣ."

ಪ್ರಾಣ ಎಂದರೆ ಪ್ರಾಣ ತಿನ್ನುವುದು ಇರಬೇಕು ಎಂದುಕೊಂಡು ಮೆತ್ತೆಗಳನ್ನು ಚಪ್ಪಲಿ ಗೂಡಿನಲ್ಲಿ ಹಳೆಯ ಪೇಪರಿನ ಅಡಿಗೆ ಸೇರಿಸಿದೆ.

ಶನಿವಾರ ಅಂಗಡಿಯವರ ಗುಂಪಿಗೆ ಮುಂದಾಳಾಗಿ ನಾನು ಹೊರಟೆ. ಕೂಸು ಕೂಡ ಒಂದು ಉಬ್ಬಿದ ಬೆನ್ನುಚೀಲ ಹೊತ್ತು ಬಂದು ನಿಂತಿದ್ದ. ಅವನನ್ನು ಯಾರು ಕರೆದರೋ! ಮೊದಲ ತಿರುವಿನವರೆಗೆ ನಾನು ರಾಜ. ಇದು ಈ ಕಲ್ಲು, ಅದು ಆ ಗಿಡ ಎಂದು ಹೇಳಿಕೊಂಡು ನಡೆದೆ. ಎರಡನೆಯ ತಿರುವಿಗೆ ಹಿಮ್ಮಡಿ ಉರಿಯತೊಡಗಿತು. ಆಮೇಲೆ ಕಿರುಬೆರಳು. ಆಮೇಲೆ ಯಾವುದು ಬೆರಳು ಯಾವುದು ಬೂಟು ಎಂದು ತಿಳಿಯದಷ್ಟು ನೋವು. ಬೂಟಿನ ಅಡಿಯ ಗಟ್ಟಿ ಹೊಲಿಗೆ ಒಂದೊಂದು ಹೆಜ್ಜೆಗೂ ಪಾದಕ್ಕೆ ಒತ್ತುತ್ತಿತ್ತು. ಮುಖದ ಮೇಲೆ ನಗು ಇಟ್ಟುಕೊಂಡೇ ಹತ್ತಿದೆ.

ನೋವಿಗಿಂತ ಹೆಚ್ಚು ಚುಚ್ಚಿದ್ದು ಕೂಸು. ನನ್ನ ಬೆನ್ನಿಗೆ ಅಂಟಿಕೊಂಡವನಂತೆ ಬರುತ್ತಿದ್ದ. ಬಾಯಿ ಮುಚ್ಚದವನು ಅಂದು ಒಂದು ಮಾತೂ ಆಡಲಿಲ್ಲ. ಅಂಗಡಿಯವರು ಕರೆದರೂ ತಿರುಗಲಿಲ್ಲ, ಕೆಳಗಿನ ನೋಟವನ್ನೂ ನೋಡಲಿಲ್ಲ. ನಾನು ಹಿಂದಿರುಗಿ ನೋಡಿದಾಗಲೆಲ್ಲ ಅವನ ಕಣ್ಣು ನನ್ನ ಹಿಮ್ಮಡಿಯ ಮೇಲೆಯೇ. ಬೀಳಲಿ ಎಂದು ಕಾಯುತ್ತಿದ್ದಾನೆ, ನಾನು ಎಡವಿದ ಕೂಡಲೇ ಮುಂದೆ ಬಂದು ನಿಲ್ಲುತ್ತಾನೆ ಎಂದು ಹಲ್ಲು ಕಚ್ಚಿದೆ.

ತುದಿಯಲ್ಲಿ ಹುಲ್ಲಿನ ಬಯಲು. ಎಲ್ಲರೂ ಕೂತರು. ನಾನು ನಿಂತೇ ಮಾತು ಶುರುಮಾಡಿದೆ. ಈ ಬೂಟಿನ ಮೆತ್ತೆ ಪಾದವನ್ನು ಹೇಗೆ ಹಿಡಿಯುತ್ತದೆ, ಇಳಿಜಾರಿನಲ್ಲಿ ಹೇಗೆ ಕಾಯುತ್ತದೆ, ದಿನವಿಡೀ ನಡೆದರೂ ಗುಳ್ಳೆ ಏಳುವುದಿಲ್ಲ ಎಂದೆಲ್ಲ ಹೇಳಿದೆ. ಬೆಟ್ಟದ ಬುಡದಲ್ಲಿ ದೊಡ್ಡ ಅಂಗಡಿ ಇಟ್ಟಿರುವ ಯಜಮಾನಿ ಬಿಸ್ಕತ್ತು ತಿನ್ನುತ್ತ ಕೇಳಿಸಿಕೊಂಡಳು. ಉಳಿದ ಅಂಗಡಿಯವರು ಆರ್ಡರು ಕೊಡುವ ಮೊದಲು ನೋಡುವುದು ಆಕೆಯ ಮುಖವನ್ನೇ.

"ಬಾಯಲ್ಲಿ ಹೇಳೋದು ಡಬ್ಬಿ ಮೇಲೂ ಇದೆಯಪ್ಪ," ಎಂದಳು. "ಬಿಚ್ಚು. ಆ ಮೆತ್ತೆ ಹೇಗಿದೆ ಕೈಯಿಂದ ಮುಟ್ಟಿ ನೋಡ್ತೀನಿ."

"ಕೆಳಗೆ ಹೋದ್ಮೇಲೆ ತೋರಿಸ್ತೀನಿ ಅಮ್ಮ..."

"ಇಲ್ಲೇ ಬಿಚ್ಚು."

ಕೂತು ಬಿಚ್ಚಿದೆ. ಕಾಲುಚೀಲದ ಹಿಮ್ಮಡಿ ಕೆಂಪಾಗಿತ್ತು. ಯಜಮಾನಿ ಬೂಟಿನೊಳಗೆ ಕೈ ಹಾಕಿ ತಡಕಿದಳು, ತಲೆಕೆಳಗು ಮಾಡಿ ಕೊಡವಿದಳು. ಒಂದು ಸಣ್ಣ ಕಲ್ಲು ಬಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ನನ್ನದು ಮೆತ್ತೆಗೆ ಹೋಯಿತು.

"ಇಲ್ಲಿದೆ ಅಮ್ಮ," ಎಂದ ಕೂಸು. ಅವನ ಮುಖ ಬಿಳಿಚಿಕೊಂಡಿತ್ತು, ದನಿ ಮಾತ್ರ ಅಂಗಡಿಯಲ್ಲಿದ್ದಂತೆಯೇ ಇತ್ತು. ಬೆನ್ನುಚೀಲದಿಂದ ಎರಡೂ ಮೆತ್ತೆ ತೆಗೆದು ಆಕೆಯ ಕೈಗಿಟ್ಟ. "ಇದಿಲ್ದೆ ಬೆಟ್ಟ ಹತ್ತಿದ್ರೆ ಕಾಲು ಏನಾಗತ್ತೆ ಅಂತ ನಿಮಗೆ ತೋರಿಸ್ಬೇಕು ಅಂತ ಭಾವ ಹಾಗೇ ಬಂದ್ರು. ಬೇಡ ಭಾವ, ಬಾಯಲ್ಲೇ ಹೇಳೋಣ ಅಂದೆ. ಬಾಯಲ್ಲಿ ಹೇಳಿದ್ರೆ ನೀವು ಒಪ್ಪಲ್ಲ ಅಂದ್ರು. ಈಗ ಈ ಕಾಲು ನೋಡಿ, ಈ ಮೆತ್ತೆ ನೋಡಿ."

ಯಜಮಾನಿ ನನ್ನ ಕಾಲು ನೋಡಿದಳು, ಮೆತ್ತೆಯನ್ನು ಹಿಚುಕಿ ಬಗ್ಗಿಸಿ ನೋಡಿದಳು. "ಹುಚ್ಚನಯ್ಯ ನೀನು," ಎಂದಳು ನನಗೆ. ಬೈಗುಳದಂತೆ ಕೇಳಿಸಲಿಲ್ಲ. ಕೂಸು ಮೆತ್ತೆಗಳನ್ನು ಬೂಟಿನೊಳಗೆ ಕೂರಿಸಿ, ತನ್ನ ಕಾಲಿಗೆ ಹಾಕಿಕೊಂಡು, ಹುಲ್ಲಿನ ಮೇಲೆ ಎರಡು ಸುತ್ತು ನಡೆದ. ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಮೆತ್ತೆ ಕೈಯಿಂದ ಕೈಗೆ ಹೋಯಿತು, ಆರ್ಡರಿನ ಮಾತು ಅಲ್ಲೇ ಎದ್ದಿತು. ಮೇಡಂ ದೂರದ ಬಂಡೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದರು.

ಇಳಿಯುವ ಮುಂಚೆ ಕೂಸು ಬೆನ್ನುಚೀಲದಿಂದ ಇನ್ನೊಂದು ಗಂಟು ತೆಗೆದ. ನನ್ನ ಹಳೆಯ ಬೂಟು. ಮನೆಯಿಂದ ತುದಿಯವರೆಗೂ ಹೊತ್ತು ತಂದಿದ್ದ. ಅವನನ್ನು ಹೊಡೆಯಬೇಕೆನಿಸಿತು.

ಭಾನುವಾರ ಕಾಲನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಇಳಿಬಿಟ್ಟು ಕೂತಿದ್ದೆ. ಆರ್ಡರು ತಂದವನು ಅವನು, ಏರಿಯಾ ಅವನದೇ ಎಂಬುದರಲ್ಲಿ ನನಗೆ ಅನುಮಾನ ಉಳಿದಿರಲಿಲ್ಲ. ಗೋಡೆಯ ನಕ್ಷೆಯ ಪಿನ್ನುಗಳನ್ನು ನೋಡಿದರೆ ಅವು ಕಣ್ಣಿಗೇ ಚುಚ್ಚುತ್ತಿದ್ದವು. ಕೂಸು ಬಂದು ಪಕ್ಕದಲ್ಲಿ ಕೂತ.

"ಭಾವ, ಒಂದು ಮಾತು. ಅಕ್ಕಂಗೆ ಹೇಳ್ಬೇಡಿ, ಬೈತಾಳೆ. ನನಗೆ ಎತ್ತರ ಅಂದ್ರೆ ಆಗಲ್ಲ. ತಲೆ ತಿರುಗತ್ತೆ, ಕೈಕಾಲು ನಡುಗತ್ತೆ. ನಿನ್ನೆ ದಾರೀಲಿ ನಿಮ್ಮ ಹಿಮ್ಮಡಿ ಬಿಟ್ಟು ಬೇರೆ ಏನೂ ನೋಡ್ಲಿಲ್ಲ. ನೋಡಿದ್ರೆ ಬಿದ್ದೇ ಹೋಗ್ತಿದ್ದೆ."

ನಿಜ ಹೇಳುತ್ತೇನೆ, ಅಷ್ಟು ಸಿಹಿಯಾದ ಮಾತನ್ನು ನಾನು ಎಷ್ಟೋ ದಿನದಿಂದ ಕೇಳಿರಲಿಲ್ಲ. ಸದ್ಯ, ಅವನಿಗೆ ಇಲ್ಲದ್ದು ನನ್ನ ಹತ್ತಿರ ಒಂದಾದರೂ ಇತ್ತು. ಅಯ್ಯೋ ಪಾಪ ಎಂದು ಅವನ ಬೆನ್ನು ಸವರಿದೆ. ಸೋಮವಾರ ಬಸ್ಸಿನಲ್ಲಿ ವಾಕ್ಯ ಕಟ್ಟಿಕೊಂಡೆ. ಮೇಡಂ, ಹೇಳಬಾರದು, ಆದರೆ ಏರಿಯಾದ ಒಳ್ಳೆಯದಕ್ಕಾಗಿ ಹೇಳಬೇಕಾಗಿದೆ. ನಿಲ್ದಾಣ ಬರುವಷ್ಟರಲ್ಲಿ ಅದು ನುಣ್ಣಗಾಗಿತ್ತು.

ಕುಂಟುತ್ತ ಒಳಗೆ ಹೋಗಿ, "ಮೇಡಂ, ನನ್ನ ಭಾವಮೈದುನನ ವಿಷಯ ಒಂದು ಹೇಳಬಾರದು, ಆದರೆ..." ಎಂದೆ.

"ಎತ್ತರಕ್ಕೆ ಹೆದರೋದು ತಾನೇ?" ಎಂದರು ಮೇಡಂ, ತಲೆ ಎತ್ತದೆ. "ಮೊದಲನೇ ದಿನವೇ ಹೇಳಿದ್ರು. ನನಗೆ ಪೇಟೆ ಕೊಡಿ, ಬೆಟ್ಟ ಭಾವಂಗೆ ಕೊಡಿ, ಅವರು ಅದಕ್ಕೋಸ್ಕರವೇ ಇದ್ದ ಕೆಲಸ ಬಿಡ್ತಿದಾರೆ ಅಂತ. ಬೆಟ್ಟಕ್ಕೆ ನಿಮ್ಮ ಭಾವಮೈದುನನ ಹೆಸರು ನನ್ನ ತಲೇಲಿ ಯಾವತ್ತೂ ಇರಲಿಲ್ಲ. ಶನಿವಾರ ನಾನು ನೋಡ್ಬೇಕಾಗಿದ್ದದ್ದು ನಿಮ್ಮೊಬ್ಬರನ್ನೇ."

ನುಣ್ಣಗಿದ್ದ ವಾಕ್ಯ ಅಲ್ಲೇ ಬಿಟ್ಟು, ಎದುರಿನ ಕುರ್ಚಿ ಎಳೆದುಕೊಂಡು ಕೂತೆ.

"ಅವತ್ತು ಬರೋದು ಬೇಡ ಅಂದಿದ್ದೆ ಅವರಿಗೆ," ಎಂದರು. "ಬೆಳಿಗ್ಗೆ ನೋಡಿದ್ರೆ ಚೀಲ ಹೊತ್ಕೊಂಡು ನಿಂತಿದ್ರು. ಭಾವ ಏನೋ ಮರ್ತು ಬಂದಿದಾರೆ, ಕೊಡ್ಬೇಕು ಅಂದ್ರು." ಆಮೇಲೆ ಮೊದಲ ಸಲ ತಲೆ ಎತ್ತಿದರು. "ನಿಮ್ಮ ಪಾದ ಎಷ್ಟು?"

"ಹತ್ತು."

"ಅವತ್ತೇ ಹತ್ತು ಅಂದಿದ್ರೆ, ನಿಮ್ಮ ಹಳೇ ಬೂಟಲ್ಲೇ ನಡೀರಿ, ಇದನ್ನ ಕೈಲಿ ಹಿಡ್ಕೊಳ್ಳಿ ಅಂತಿದ್ದೆ. ಕಾಲು ವಾಸಿ ಮಾಡ್ಕೊಂಡು ಬೆಟ್ಟದ ಕಡೆ ಹೊರಡಿ. ಏರಿಯಾ ನಿಮ್ಮದೇ."

ಬೇಕಾದದ್ದು ಸಿಕ್ಕಿತು. ಸಿಕ್ಕಿದ ಮೇಲೆ ಹೊಟ್ಟೆಯ ಉರಿ ಆರಬೇಕಲ್ಲ? ಆರಲಿಲ್ಲ. ಅವನು ನನ್ನನ್ನು ಸೋಲಿಸಿ ಗೆದ್ದಿದ್ದರೆ ದ್ವೇಷಿಸಿಕೊಂಡು ಹಾಯಾಗಿರುತ್ತಿದ್ದೆ. ಆಟಕ್ಕೇ ಇಳಿಯದವನ ಜೊತೆ ನಾನೊಬ್ಬನೇ ಓಡಿ, ಒಬ್ಬನೇ ಎಡವಿ, ಕಾಲು ಕೆಡಿಸಿಕೊಂಡಿದ್ದೆ. ಚಾಡಿ ಹೇಳುವ ಸಣ್ಣ ಸುಖವನ್ನೂ ನನಗಿಂತ ಮೊದಲೇ ಹೋಗಿ ಅವನೇ ಮುಗಿಸಿದ್ದ. ಮನೆಗೆ ಬಂದು ಸುದ್ದಿ ಹೇಳಿದಾಗ ನನ್ನ ಹೆಂಡತಿಗಿಂತ ಜೋರಾಗಿ ಕುಣಿದವನು ಕೂಸು. ಕುಣಿಯುವಾಗ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಅವಳು ಓಡಿ ಹೋಗಿ ಉಜ್ಜಿದ್ದು ಅವನ ತಲೆಯನ್ನು.

ಕಾಲು ವಾಸಿಯಾದ ಮೇಲೆ ಮೊದಲ ಸುತ್ತಿಗೆ ಹೊರಟೆ. ಬೆಟ್ಟದ ಬುಡದ ಅಂಗಡಿಯಲ್ಲಿ ಕಿಟಕಿ ತೆರೆದಿತ್ತು, ಎದುರಿಗೆ ನಾನು ಇಷ್ಟು ವರ್ಷ ಬಯಸಿದ ಬೆಟ್ಟ. ಗಲ್ಲಾದಲ್ಲಿ ಕೂತಿದ್ದ ಯಜಮಾನಿ ನನ್ನನ್ನು ನೋಡಿ, ನನ್ನ ಹಿಂದೆ ಬಾಗಿಲ ಕಡೆ ನೋಡಿದಳು.

"ಆ ಉದ್ದನೇ ಹುಡುಗ ಬರ್ಲಿಲ್ವಾ?"

"ಇಲ್ಲ ಅಮ್ಮ. ಅವನಿಗೆ ಪೇಟೆ ಕಡೆ."

"ಹೌದಾ," ಎಂದಳು. ಕೈ ಫೋನಿನ ಕಡೆ ಹೋಯಿತು.

ನಾನು ಅಂಗಡಿಯ ನಡುವೆ ಟೆಂಟಿನ ಚೀಲ ಬಿಚ್ಚಿದೆ. ಕಣ್ಣು ಕಟ್ಟಿದರೂ ಎಬ್ಬಿಸಬಲ್ಲ ಟೆಂಟು ಅದು. ಉದ್ದ ಕೋಲುಗಳನ್ನು ಪಕ್ಕಕ್ಕೆ ಸರಿಸಿದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಹೊಟ್ಟೆಯೊಳಗೆ ಧಗಧಗ ಉರಿಯುತ್ತಿತ್ತು. ಗಿಡ್ಡ ಕೋಲನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದೆ.

"ಇದು ಎಲ್ಲಿಗೆ ಹೋಗುತ್ತೋ ಗೊತ್ತಾಗ್ತಿಲ್ಲ ಅಮ್ಮ," ಎಂದೆ.

ಯಜಮಾನಿ ನಕ್ಕು, ಫೋನು ಕೆಳಗಿಟ್ಟು, ಗಲ್ಲಾ ಬಿಟ್ಟು ಎದ್ದು ಬಂದಳು.